ಸುಂದಾ ಜಲಸಂಧಿಯ ಹಳೆಯ ಬಣ್ಣದ ನಕ್ಷೆ: ಪರೀಕ್ಷಿಸುವ, ಕಾಲ ಗುರುತಿಸುವ ಮತ್ತು ಕಾಪಾಡುವ ಸಮಗ್ರ ಮಾರ್ಗದರ್ಶಿ

ಜಾವಾ ಮತ್ತು ಸುಮಾತ್ರಾಗಳ ನಡುವಿನ ಸುಂದಾ ಜಲಸಂಧಿಯಲ್ಲಿ ಕ್ರಕಟೋವಾ ಎಂಬ ಜ್ವಾಲಾಮುಖಿ ದ್ವೀಪಗಳ ಗುಂಪಿದೆ. 1883ರ ಮೇ 20ರಂದು ಬೂದಿ ಉಗುಳಲು ತೊಡಗಿದ ಇಲ್ಲಿನ ಮುಖ್ಯ ದ್ವೀಪವು ಅದೇ ವರ್ಷದ ಆಗಸ್ಟ್ 26 ಮತ್ತು 27ರಂದು ಸಿಡಿದು, ತನ್ನ ನೆಲದ ಸುಮಾರು ಮೂರನೆಯ ಎರಡು ಭಾಗವನ್ನು ಕಳೆದುಕೊಂಡಿತು. ಆ ಸಿಡಿತದಿಂದ ಎದ್ದ ಅಲೆಗಳು ಜಲಸಂಧಿಯ ಎರಡೂ ದಡಗಳ ಊರುಗಳನ್ನು ಕೊಚ್ಚಿಕೊಂಡು ಹೋದವು. ಅಂದಿನ ಡಚ್ ಆಡಳಿತದ ಲೆಕ್ಕದಂತೆ ಸತ್ತವರ ಸಂಖ್ಯೆ 36,417. ಈ ಪ್ರದೇಶದ ಬಣ್ಣದ ಮುದ್ರಿತ ನಕ್ಷೆಗಳು ಆ ದುರಂತದ ಹಿಂದಿನ ಮತ್ತು ಮುಂದಿನ ದಶಕಗಳಲ್ಲಿ ಸರ್ಕಾರಿ ವರದಿಗಳ ಜೊತೆಗೂ ಅಟ್ಲಾಸ್‌ಗಳಲ್ಲೂ ವಿಶ್ವಕೋಶಗಳಲ್ಲೂ ಅಚ್ಚಾದವು. ಅವುಗಳಲ್ಲಿ ಹಲವು ಈಗ ಮೂಲ ಪುಸ್ತಕದಿಂದ ಬೇರ್ಪಟ್ಟು ಬಿಡಿ ಹಾಳೆಗಳಾಗಿ ಮಾರಾಟಕ್ಕೆ ಬರುತ್ತವೆ.

ಬಿಡಿ ಹಾಳೆಯಲ್ಲಿ ಪ್ರಕಾಶಕರ ಹೆಸರಾಗಲೀ ವರ್ಷವಾಗಲೀ ಇಲ್ಲದಿರುವುದೇ ಹೆಚ್ಚು. ಆದರೂ ಈ ನಕ್ಷೆಯ ವಿಷಯದಲ್ಲಿ ನಮಗೊಂದು ಅಪರೂಪದ ಅನುಕೂಲವಿದೆ. ಬೇರೆ ನಾಡುಗಳ ನಕ್ಷೆಗಳಲ್ಲಿ ಕಾಲ ಕಳೆದಂತೆ ಗಡಿ, ರಸ್ತೆ, ಊರಿನ ಹೆಸರುಗಳು ಬದಲಾಗುತ್ತವೆ. ಇಲ್ಲಿ ಸಮುದ್ರತೀರವೇ ಬದಲಾಗಿದೆ. ಆದ್ದರಿಂದ ಮಾರುವವರು ಅಂಟಿಸಿದ ಚೀಟಿಗಿಂತ ನಕ್ಷೆಯಲ್ಲಿರುವ ದ್ವೀಪಗಳ ಆಕಾರವನ್ನು ಹೆಚ್ಚು ನಂಬಬೇಕು ಎಂಬುದು ನನ್ನ ದೃಢವಾದ ಅಭಿಪ್ರಾಯ. ಮುಂದಿನ ಹಂತಗಳೆಲ್ಲವೂ ಅದನ್ನೇ ಆಧರಿಸಿವೆ.

ಒಂದನೆಯ ಹಂತ: ಮೇಜು, ಬೆಳಕು, ಸಲಕರಣೆ

ನಕ್ಷೆಗಿಂತ ಎಲ್ಲ ಬದಿಯಲ್ಲೂ ಅಗಲವಾದ, ಒಣಗಿದ, ಸ್ವಚ್ಛವಾದ ಮೇಜನ್ನು ಆರಿಸಿ ಅದರ ಮೇಲೆ ಶುಭ್ರ ಬಿಳಿ ಕಾಗದ ಹಾಸಿರಿ. ಕೈ ತೊಳೆದು ಪೂರ್ತಿ ಒರೆಸಿಕೊಂಡರೆ ಸಾಕು, ಹತ್ತಿಯ ಕೈಗವಸು ಬೇಡ. ಅದು ಬೆರಳ ಸ್ಪರ್ಶವನ್ನು ಮಂದಗೊಳಿಸಿ, ಹರಿದ ಅಂಚಿಗೆ ಸಿಕ್ಕಿಕೊಂಡು ಹಾನಿ ಮಾಡುವ ಸಂಭವವೇ ಹೆಚ್ಚು. ಹತ್ತು ಪಟ್ಟು ದೊಡ್ಡದಾಗಿ ತೋರಿಸುವ ಭೂತಗನ್ನಡಿ, ಮಿಲಿಮೀಟರ್ ಗೆರೆಗಳಿರುವ ಅಳತೆಪಟ್ಟಿ, ಮೃದುವಾದ ಪೆನ್ಸಿಲ್, 365 ನ್ಯಾನೋಮೀಟರಿನ ನೇರಳಾತೀತ ಟಾರ್ಚ್ ಇವಿಷ್ಟು ಬೇಕು. ಮೇಜಿನ ಸುತ್ತ ಪೆನ್ನು, ನೀರು, ಕಾಫಿ ಯಾವುದೂ ಇರಬಾರದು. ಮಡಿಕೆಯಾಗಿ ಬಂದ ನಕ್ಷೆಯನ್ನು ಒಮ್ಮೆಲೇ ಚಪ್ಪಟೆ ಮಾಡಲು ಹೋಗಬೇಡಿ. ಮಡಿಕೆಗಳನ್ನು ಒಂದೊಂದಾಗಿ, ಬಿಗಿ ಹಿಡಿದಂತೆ ಅನಿಸಿದಲ್ಲಿ ನಿಲ್ಲಿಸಿ, ತೆರೆಯಿರಿ.

ಎರಡನೆಯ ಹಂತ: ಬಣ್ಣ ಅಚ್ಚಿನದೋ ಕುಂಚದ್ದೋ ಎಂದು ತಿಳಿಯುವುದು

ನಕ್ಷೆಯ ಬೆಲೆ, ಕಾಲ, ಆರೈಕೆಯ ಕ್ರಮ ಮೂರೂ ಈ ಒಂದು ಪ್ರಶ್ನೆಯನ್ನು ಅವಲಂಬಿಸಿರುವುದರಿಂದ ಇದಕ್ಕೆ ಸಾಕಷ್ಟು ಸಮಯ ಕೊಡಬೇಕು.

ಹತ್ತೊಂಬತ್ತನೆಯ ಶತಮಾನದ ನಡುಭಾಗದವರೆಗೆ ಹೆಚ್ಚಿನ ನಕ್ಷೆಗಳನ್ನು ಕಪ್ಪು ಶಾಯಿಯಲ್ಲಿ ಅಚ್ಚು ಹಾಕಿ, ಆಮೇಲೆ ಕೈಯಿಂದ ಬಣ್ಣ ತುಂಬುತ್ತಿದ್ದರು. ಕಲ್ಲಚ್ಚಿನಲ್ಲೇ ಬಣ್ಣ ಮುದ್ರಿಸುವ ವಿಧಾನಕ್ಕೆ ಗೊಡೆಫ್ರುವಾ ಎಂಗೆಲ್ಮನ್ 1837ರಲ್ಲಿ ಪೇಟೆಂಟ್ ಪಡೆದ ನಂತರ, ಮುಂದಿನ ದಶಕಗಳಲ್ಲಿ ಅದು ನಕ್ಷೆಗಳಿಗೂ ಹರಡಿತು. ಈ ವಿಧಾನದಲ್ಲಿ ಪ್ರತಿಯೊಂದು ಬಣ್ಣಕ್ಕೂ ಬೇರೆ ಬೇರೆ ಸುಣ್ಣದ ಕಲ್ಲು. ಒಂದೇ ಹಾಳೆಯನ್ನು ಪ್ರತಿಯೊಂದು ಕಲ್ಲಿನ ಮೇಲೂ ಒಂದೊಂದು ಸಲ, ಹಿಂದಿನ ಬಣ್ಣಕ್ಕೆ ಸರಿಯಾಗಿ ಕೂಡುವಂತೆ, ಒತ್ತಬೇಕು. ಹೇಗ್ ನಗರದ ಸರ್ಕಾರಿ ನಕ್ಷಾಲಯವನ್ನು ನಡೆಸುತ್ತಿದ್ದ ಚಾರ್ಲ್ಸ್ ಎಕ್‌ಸ್ಟೈನ್ ಇದನ್ನು ಇನ್ನಷ್ಟು ಬೆಳೆಸಿ, ಕೆಂಪು, ಹಳದಿ, ನೀಲಿ ಎಂಬ ಮೂರೇ ಕಲ್ಲುಗಳ ಮೇಲೆ ಅತಿಸೂಕ್ಷ್ಮ ಸಮಾನಾಂತರ ಗೆರೆಗಳನ್ನು ಕೊರೆದು, ಆಮ್ಲದಿಂದ ಅವುಗಳ ಆಳವನ್ನು ಹೆಚ್ಚುಕಡಿಮೆ ಮಾಡಿ, ಹತ್ತಾರು ಛಾಯೆಗಳನ್ನು ಪಡೆದರು. ಜಾವಾದ ಹಲವು ಡಚ್ ನಕ್ಷೆಗಳು ಆ ಕಚೇರಿಯಲ್ಲಿ ಅಚ್ಚಾದವು.

ಈಗ ಭೂತಗನ್ನಡಿಯನ್ನು ಸಮುದ್ರದ ನೀಲಿ ಮತ್ತು ದ್ವೀಪದ ಬಣ್ಣ ಕೂಡುವ ಕಡೆ ಇಡಿ. ಕುಂಚದ ಬಣ್ಣವಾಗಿದ್ದರೆ ಅದು ಕಾಗದದ ನಾರಿನೊಳಗೆ ಇಂಗಿರುತ್ತದೆ, ಕುಂಚ ನಿಂತ ಜಾಗದಲ್ಲಿ ಬಣ್ಣ ಮಡುಗಟ್ಟಿ ಗಾಢವಾದ ಅಂಚು ಮೂಡಿರುತ್ತದೆ, ಅಲ್ಲಲ್ಲಿ ಕಪ್ಪು ಗೆರೆಯನ್ನು ದಾಟಿಯೂ ಇರುತ್ತದೆ. ಕಲ್ಲಚ್ಚಿನ ಬಣ್ಣವಾಗಿದ್ದರೆ ಬಣ್ಣವು ಕಾಗದದ ಮೇಲ್ಮೈಯಲ್ಲೇ ಕುಳಿತಿರುತ್ತದೆ; ಸಮನಾದ ಹರಹು, ಒಂದೇ ಗಾತ್ರದಲ್ಲಿರದ ಚುಕ್ಕೆಗಳು, ಇಲ್ಲವೇ ಸಾಲುಗೆರೆಗಳು ಕಾಣುತ್ತವೆ. ಎರಡು ಬಣ್ಣಗಳ ನಡುವೆ ಕೂದಲೆಳೆಯಷ್ಟು ಬಿಳಿ ಸಂದು ಉಳಿದಿದ್ದರೆ, ಅಥವಾ ಒಂದರ ಮೇಲೊಂದು ಏರಿ ಮೂರನೆಯ ಬಣ್ಣದ ಸಣ್ಣ ಪಟ್ಟಿ ಕಂಡರೆ, ಕಲ್ಲುಗಳು ಒಂದಿಷ್ಟು ಜಾರಿವೆ ಎಂದರ್ಥ. ಅದನ್ನು ದೋಷವೆಂದು ಎಣಿಸದೆ ನಿಜವಾದ ಬಹುವರ್ಣ ಕಲ್ಲಚ್ಚಿನ ಗುರುತೆಂದೇ ನಾನು ಸಂತೋಷದಿಂದ ನೋಡುತ್ತೇನೆ. ಅಂಚಿನ ಖಾಲಿ ಜಾಗದಲ್ಲಿ, ಕತ್ತರಿಸಿ ಹೋಗಿರದಿದ್ದರೆ, ಕಲ್ಲುಗಳನ್ನು ಕೂಡಿಸಲು ಹಾಕಿದ ಸಣ್ಣ ಶಿಲುಬೆಯಾಕಾರದ ಗುರುತುಗಳೂ ಸಿಗಬಹುದು.

ಮೂರನೆಯ ಸಾಧ್ಯತೆಯೇ ಎಚ್ಚರಿಕೆಯದು. ನಾಲ್ಕು ಬಣ್ಣದ ಚುಕ್ಕೆಗಳು ಒಂದೇ ಅಂತರದಲ್ಲಿ ಸಾಲಾಗಿ, ಸಣ್ಣ ಹೂವಿನಂತೆ ವೃತ್ತಗಟ್ಟಿ ಎಲ್ಲೆಡೆ ಕಂಡರೆ ಅದು ಇಪ್ಪತ್ತನೆಯ ಶತಮಾನದ ಆಫ್‌ಸೆಟ್ ಮರುಮುದ್ರಣ. ಅಕ್ಷರಗಳ ಕಪ್ಪು ಕೂಡ ಚುಕ್ಕೆಗಳಾಗಿ ಒಡೆದಿದ್ದರೆ ಸಂದೇಹವೇ ಬೇಡ. ಸಿಂಪಡಿಸಿದಂಥ, ಯಾವ ಕ್ರಮವೂ ಇಲ್ಲದ ಅತಿಸಣ್ಣ ಹನಿಗಳಿದ್ದರೆ ಅದು ಕಂಪ್ಯೂಟರಿನ ಇಂಕ್‌ಜೆಟ್ ಪ್ರತಿ.

ಕಣ್ಣನ್ನು ಪಳಗಿಸಿಕೊಳ್ಳಲು ದೂರ ಹೋಗಬೇಕಿಲ್ಲ. ನಮ್ಮ ಕಡೆಯ ಹಳೆಯ ಮನೆಗಳ ದೇವರ ಕೋಣೆಯಲ್ಲಿ, 1894ರಲ್ಲಿ ಮುಂಬಯಿಯಲ್ಲಿ ಆರಂಭವಾದ ರವಿವರ್ಮ ಮುದ್ರಣಾಲಯದ ಲಕ್ಷ್ಮಿ ಅಥವಾ ಸರಸ್ವತಿಯ ಚಿತ್ರ ಇನ್ನೂ ಉಳಿದಿದ್ದರೆ, ಅದೂ ಇದೇ ಬಹುವರ್ಣ ಕಲ್ಲಚ್ಚಿನ ಕೆಲಸ. ಅದರ ಮುಖದ ಮೇಲೂ ಸೀರೆಯ ಅಂಚಿನ ಮೇಲೂ ಭೂತಗನ್ನಡಿ ಇಟ್ಟು ಒಮ್ಮೆ ನೋಡಿ, ಈಗಿನ ಕ್ಯಾಲೆಂಡರಿನ ದೇವರ ಚಿತ್ರವನ್ನು ಪಕ್ಕದಲ್ಲಿಟ್ಟು ಇನ್ನೊಮ್ಮೆ ನೋಡಿದರೆ, ಕಲ್ಲಿನ ಚುಕ್ಕೆಗೂ ಆಫ್‌ಸೆಟ್ ಚುಕ್ಕೆಗೂ ಇರುವ ವ್ಯತ್ಯಾಸ ಮತ್ತೆ ಮರೆಯುವುದಿಲ್ಲ.

ತಾಮ್ರದ ತಗಡಿನಿಂದ ನೇರವಾಗಿ ಒತ್ತಿದ ನಕ್ಷೆಯಲ್ಲಿ ಚಿತ್ರದ ಸುತ್ತ ತಗಡಿನ ಅಂಚು ಕಾಗದವನ್ನು ತಗ್ಗಿಸಿದ ಚೌಕದ ಗುರುತು ಇರುತ್ತದೆ. ಕಲ್ಲಚ್ಚಿನಲ್ಲಿ ಅದು ಇರುವುದಿಲ್ಲ. ಆದರೆ ತಗಡಿನಲ್ಲಿ ಕೆತ್ತಿದ ಚಿತ್ರವನ್ನು ಕಲ್ಲಿಗೆ ವರ್ಗಾಯಿಸಿ, ಅದಕ್ಕೆ ಬಣ್ಣದ ಕಲ್ಲುಗಳನ್ನು ಸೇರಿಸುವ ಪದ್ಧತಿಯೂ ಇತ್ತಾದ್ದರಿಂದ, ಗೆರೆಗಳು ಕೆತ್ತನೆಯಷ್ಟು ನವಿರಾಗಿದ್ದೂ ತಗಡಿನ ಗುರುತು ಇಲ್ಲದಿದ್ದರೆ ಅದನ್ನು ನಕಲೆಂದು ತೀರ್ಮಾನಿಸಬಾರದು.

ಮೂರನೆಯ ಹಂತ: ಕಾಗದ

ಕೋಣೆಯನ್ನು ಕತ್ತಲು ಮಾಡಿ ನೇರಳಾತೀತ ಟಾರ್ಚನ್ನು ಕೆಲವೇ ಕ್ಷಣ ಹಿಡಿಯಿರಿ. ಕಾಗದ ನೀಲಿಬಿಳಿಯಾಗಿ ಹೊಳೆದರೆ ಅದರಲ್ಲಿ ಹೊಳಪುಕಾರಕ ರಾಸಾಯನಿಕವಿದೆ. ಅಂಥ ಕಾಗದ ಎರಡನೆಯ ಮಹಾಯುದ್ಧದ ನಂತರದ್ದು. ಹೊಳೆಯದಿದ್ದ ಮಾತ್ರಕ್ಕೆ ಹಳೆಯದೆಂದು ಸಾಬೀತಾಗುವುದಿಲ್ಲ. ಅಂಚಿನ ಒಂದೆರಡು ಜಾಗ ಮಾತ್ರ ಹೊಳೆದರೆ ಅಲ್ಲಿ ಈಚಿನ ತೇಪೆ ಹಾಕಿರಬಹುದು. 1880ರ ದಶಕದ ನಕ್ಷೆಗಳಲ್ಲಿ ಮರದ ತಿರುಳಿನ, ಆಮ್ಲಾಂಶವಿರುವ ಕಾಗದ ಸಾಮಾನ್ಯವಾದ್ದರಿಂದ ಅಂಚು ಕಂದಾಗಿ, ಮಡಿಕೆಯಲ್ಲಿ ಮುರುಕಲಾಗಿ ಇರುವುದು ಸಹಜ.

ನಾಲ್ಕನೆಯ ಹಂತ: ದ್ವೀಪಗಳಿಂದ ಕಾಲ ನಿರ್ಣಯಿಸುವುದು

ಇದೇ ಈ ಕೆಲಸದ ಹೃದಯಭಾಗ. ನಕ್ಷೆಯಲ್ಲಿ ದಕ್ಷಿಣ ಅಕ್ಷಾಂಶ 6 ಡಿಗ್ರಿ 6 ನಿಮಿಷದ ಸುತ್ತಮುತ್ತಲ ಭಾಗವನ್ನು ಹುಡುಕಿ, ಅಲ್ಲಿರುವ ಪ್ರತಿಯೊಂದು ದ್ವೀಪದ ಹೊರಗೆರೆಯನ್ನೂ ಬೇರೆ ಕಾಗದದಲ್ಲಿ ನೋಡಿ ಬರೆದುಕೊಳ್ಳಿ. ನಕ್ಷೆಯ ಮೇಲೆಯೇ ಪಾರದರ್ಶಕ ಹಾಳೆ ಇಟ್ಟು ತಿದ್ದಬೇಡಿ. ಪೆನ್ಸಿಲಿನ ಒತ್ತು ಕೆಳಗೆ ಮೂಡುತ್ತದೆ.

ಆಗಸ್ಟ್ 1883ಕ್ಕೆ ಮುಂಚಿನ ಭೂಮಿಯನ್ನು ತೋರಿಸುವ ನಕ್ಷೆಯಲ್ಲಿ ಕ್ರಕಟೋವಾ ಸುಮಾರು 9 ಕಿಲೋಮೀಟರ್ ಉದ್ದ, 5 ಕಿಲೋಮೀಟರ್ ಅಗಲದ ಒಂದೇ ದ್ವೀಪ. ಅದರ ದಕ್ಷಿಣ ತುದಿಯಲ್ಲಿ 800 ಮೀಟರಿನಷ್ಟು ಎತ್ತರದ ರಕಾಟಾ, ನಡುವೆ ದನನ್, ಉತ್ತರದಲ್ಲಿ ತಗ್ಗಾದ ಪರ್ಬುವಾಟನ್ ಎಂಬ ಮೂರು ಶಿಖರಗಳು ಸಾಲಾಗಿ ನಿಂತಿರುತ್ತವೆ. ವಾಯುವ್ಯಕ್ಕೆ ವೆರ್ಲಾಟನ್, ಈಶಾನ್ಯಕ್ಕೆ ಲಾಂಗ್ ಎಂಬ ಎರಡು ದ್ವೀಪಗಳು ಕಾವಲು ನಿಂತಂತಿದ್ದು, ಲಾಂಗ್ ದ್ವೀಪಕ್ಕೂ ಕ್ರಕಟೋವಾಕ್ಕೂ ನಡುವೆ ಪೋಲ್ಸೆ ಹೂಟ್ ಎಂಬ ತುಂಬ ಚಿಕ್ಕ ದ್ವೀಪವಿರುತ್ತದೆ.

ಸಿಡಿತದ ನಂತರದ ನಕ್ಷೆಯಲ್ಲಿ ದನನ್ ಮತ್ತು ಪರ್ಬುವಾಟನ್ ಇಲ್ಲ. ಅವು ಇದ್ದ ಜಾಗದಲ್ಲಿ 250 ಮೀಟರಿಗೂ ಹೆಚ್ಚು ಆಳದ ಸಮುದ್ರ. ಉಳಿದಿರುವುದು ರಕಾಟಾ ಶಿಖರದ ದಕ್ಷಿಣದ ಪಾಲು, ಅದರ ಉತ್ತರ ಮುಖ ನೆಟ್ಟಗೆ ಕಡಿದ ಗೋಡೆ. ಪೋಲ್ಸೆ ಹೂಟ್ ಕಾಣೆಯಾಗಿದೆ. ವೆರ್ಲಾಟನ್ ಮಾತ್ರ ಬಿದ್ದ ಬೂದಿ ಮತ್ತು ಪ್ಯೂಮಿಸ್ ಕಲ್ಲಿನಿಂದ ಮೊದಲಿಗಿಂತ ಬಹಳ ದೊಡ್ಡದಾಗಿದೆ.

ಇವೆರಡರ ನಡುವೆ ಒಂದು ಕಿರಿದಾದ ಕಾಲಾವಧಿಯಿದೆ, ಸಂಗ್ರಾಹಕರು ಕಣ್ಣಿಟ್ಟು ಹುಡುಕಬೇಕಾದದ್ದು ಅದನ್ನೇ. ಸಿಡಿತದಲ್ಲಿ ಹೊರಬಿದ್ದ ವಸ್ತು ಕ್ರಕಟೋವಾದ ಉತ್ತರಕ್ಕೆ, ಸೆಬೆಸಿ ದ್ವೀಪದ ಕಡೆಗೆ, ಸಮುದ್ರದಲ್ಲಿ ರಾಶಿಬಿದ್ದು ಸ್ಟೇರ್ಸ್ ಮತ್ತು ಕಾಲ್ಮೈಯರ್ ಎಂಬ ಎರಡು ಹೊಸ ದ್ವೀಪಗಳಾದವು. ಡಚ್ ಸರ್ವೇ ಹಡಗು ಅವುಗಳನ್ನು ಅಳೆಯಿತು, ನಕ್ಷೆಗಳು ಅವುಗಳಿಗೆ ಹೆಸರು ಕೊಟ್ಟವು, ಆದರೆ ಅಲೆಗಳು ಆ ಸಡಿಲ ಬೂದಿಯನ್ನು ಕೆಲವೇ ತಿಂಗಳಲ್ಲಿ ತೊಳೆದುಬಿಟ್ಟವು. ಈ ಎರಡು ದ್ವೀಪಗಳನ್ನು ನೆಲವಾಗಿ ತೋರಿಸುವ ನಕ್ಷೆ 1883ರ ಕೊನೆಯ ತಿಂಗಳುಗಳ ಅಳತೆಯನ್ನು ಆಧರಿಸಿದ್ದು ಎಂದು ಧೈರ್ಯವಾಗಿ ಹೇಳಬಹುದು.

ಕೊನೆಯ ಗುರುತು ಅನಾಕ್ ಕ್ರಕಟೋವಾ. 1927ರ ಡಿಸೆಂಬರ್ ಕೊನೆಯಲ್ಲಿ ಆ ಮುಳುಗಿದ ಕುಳಿಯಲ್ಲಿ ಸಮುದ್ರ ಕುದಿಯತೊಡಗಿತು; ಮೇಲೆದ್ದ ದ್ವೀಪ ಅಲೆಗೆ ಸಿಕ್ಕಿ ಅಳಿದು, ಮತ್ತೆ ಎದ್ದು, 1930ರಲ್ಲಿ ಶಾಶ್ವತವಾಗಿ ನಿಂತಿತು. ಅದನ್ನು ತೋರಿಸುವ ಹಾಳೆಯನ್ನು ಯಾರಾದರೂ ಹತ್ತೊಂಬತ್ತನೆಯ ಶತಮಾನದ್ದೆಂದು ಮಾರಿದರೆ ಒಪ್ಪಬೇಡಿ. ಇಂದಿನ ಉಪಗ್ರಹ ಚಿತ್ರದೊಡನೆ ಹೋಲಿಸುವವರು 2018ರ ಡಿಸೆಂಬರ್ 22ರಂದು ಈ ದ್ವೀಪದ ನೈಋತ್ಯ ಮಗ್ಗುಲು ಕುಸಿದು ಸಮುದ್ರಕ್ಕೆ ಜಾರಿದ್ದನ್ನೂ ನೆನಪಿಡಬೇಕು, ಏಕೆಂದರೆ ಆಚೆ ಈಚೆಯ ಚಿತ್ರಗಳು ಬೇರೆ ಬೇರೆ.

ಈ ಗುರುತುಗಳನ್ನು ಬಳಸುವಾಗ ತರ್ಕದ ಒಂದು ನಿಯಮವನ್ನು ಬಿಡಬಾರದು. ಹೊಸದೊಂದು ಕಾಣಿಸಿದರೆ ನಕ್ಷೆ ಅದಕ್ಕಿಂತ ಮುಂಚಿನದಾಗಿರಲು ಸಾಧ್ಯವಿಲ್ಲ. ಆದರೆ ಹಳೆಯದೊಂದು ಇನ್ನೂ ಉಳಿದಿದೆ ಎಂಬ ಕಾರಣಕ್ಕೆ ನಕ್ಷೆ ಹಳೆಯದೆಂದು ಹೇಳಲಾಗದು. ಕಲ್ಲು ಮತ್ತು ತಗಡುಗಳು ದುಬಾರಿಯಾಗಿದ್ದ ಕಾಲದಲ್ಲಿ ಪ್ರಕಾಶಕರು ಹಳೆಯ ಚಿತ್ರವನ್ನೇ ತಿದ್ದದೆ ವರ್ಷಗಟ್ಟಲೆ ಮುದ್ರಿಸುತ್ತಿದ್ದರು. ಹಾಗಾಗಿ ಅಖಂಡ ಕ್ರಕಟೋವಾ 1890ರ ದಶಕದ ಅಟ್ಲಾಸಿನಲ್ಲೂ ನೆಮ್ಮದಿಯಾಗಿ ಕುಳಿತಿರಬಹುದು. ಇಂಥಲ್ಲಿ ನಕ್ಷೆಯ ಬೇರೆ ಭಾಗಗಳು ಸಾಕ್ಷಿ ಹೇಳಬೇಕು. ಬಟಾವಿಯಾದಿಂದ (ಇಂದಿನ ಜಕಾರ್ತಾ) ಬೈಟನ್‌ಜಾರ್ಗ್‌ಗೆ (ಇಂದಿನ ಬೋಗೋರ್) ರೈಲು ಬಂದದ್ದು 1873ರಲ್ಲಿ. ಪಶ್ಚಿಮಕ್ಕೆ ಸೆರಾಂಗ್ ದಾಟಿ ಆನ್ಯೆರ್ ತೀರಕ್ಕೆ ಹಳಿ ತಲುಪಿದ್ದು 1900ರಲ್ಲಿ. ಅಖಂಡ ದ್ವೀಪದ ಜೊತೆಗೆ ಆನ್ಯೆರ್‌ವರೆಗಿನ ರೈಲುಹಳಿ ಕಂಡರೆ, ಸಮುದ್ರದ ಕಲ್ಲನ್ನು ಹಾಗೇ ಬಿಟ್ಟು ನೆಲದ ಕಲ್ಲನ್ನಷ್ಟೇ ತಿದ್ದಿದ್ದಾರೆ ಎಂದು ತಿಳಿಯುತ್ತದೆ.

ಐದನೆಯ ಹಂತ: ರೇಖಾಂಶ, ಆಳದ ಅಂಕಿ, ಕಾಗುಣಿತ

ಚೌಕಟ್ಟಿನ ರೇಖಾಂಶದ ಅಂಕಿಗಳನ್ನು ನೋಡಿ ನಕ್ಷೆ ಯಾವ ಪರಂಪರೆಗೆ ಸೇರಿದ್ದೆಂದು ಲೆಕ್ಕ ಹಾಕಬಹುದು. ಕ್ರಕಟೋವಾ ಗ್ರೀನಿಚ್‌ನಿಂದ ಪೂರ್ವಕ್ಕೆ ಸುಮಾರು 105 ಡಿಗ್ರಿ 25 ನಿಮಿಷದಲ್ಲಿದೆ. ನಕ್ಷೆಯಲ್ಲಿ ಅದು 103 ಡಿಗ್ರಿ 5 ನಿಮಿಷದ ಸಮೀಪ ಬಿದ್ದಿದ್ದರೆ ಎಣಿಕೆ ಪ್ಯಾರಿಸ್‌ನಿಂದ. 123 ಡಿಗ್ರಿ 5 ನಿಮಿಷದ ಸಮೀಪವಿದ್ದರೆ ಕೆನರಿ ದ್ವೀಪಗಳ ಫೆರ್ರೋದಿಂದ. ಪಶ್ಚಿಮಕ್ಕೆ ಬರೀ 1 ಡಿಗ್ರಿ 23 ನಿಮಿಷವೆಂದಿದ್ದರೆ ಬಟಾವಿಯಾದಿಂದ. ಕೊನೆಯದು ಡಚ್ ಆಡಳಿತದ ಸರ್ವೇ ನಕ್ಷೆಗಳ ಲಕ್ಷಣ. 1884ರ ವಾಷಿಂಗ್ಟನ್ ಸಮ್ಮೇಳನ ಗ್ರೀನಿಚ್ ರೇಖೆಯನ್ನು ಒಪ್ಪಿದ ಮೇಲೂ ಹಳೆಯ ಎಣಿಕೆಗಳು ಕೂಡಲೇ ಮಾಯವಾಗಲಿಲ್ಲವಾದ್ದರಿಂದ, ಇದು ಮೂಲವನ್ನು ಹೇಳುವಷ್ಟು ಗಟ್ಟಿಯಾಗಿ ವರ್ಷವನ್ನು ಹೇಳುವುದಿಲ್ಲ.

ಸಮುದ್ರದ ಆಳದ ಅಂಕಿಗಳು ಮೀಟರಿನಲ್ಲಿವೆಯೋ ಫ್ಯಾದಮ್‌ನಲ್ಲಿವೆಯೋ ಎಂದೂ ನೋಡಿ. ಒಂದು ಫ್ಯಾದಮ್ ಎಂದರೆ 1.83 ಮೀಟರ್, ಬ್ರಿಟಿಷ್ ನಾವಿಕ ನಕ್ಷೆಗಳ ರೂಢಿ. ಊರ ಹೆಸರುಗಳಲ್ಲಿ ಉಕಾರದ ಧ್ವನಿಗೆ ರೋಮನ್ ಲಿಪಿಯ ಓ ಮತ್ತು ಈ ಅಕ್ಷರಗಳನ್ನು ಜೋಡಿಸಿ ಬರೆದಿದ್ದರೆ ಡಚ್ ಪದ್ಧತಿ. ಇಂಡೊನೇಷ್ಯಾ ಅದನ್ನು 1947ರಲ್ಲಿ ಕೈಬಿಟ್ಟಿತು.

ಆರನೆಯ ಹಂತ: ಬಣ್ಣಗಳನ್ನು ಓದುವುದು

ಬಣ್ಣಗಳ ವಿವರಣೆ ಇರುವ ಚೌಕವನ್ನು ಮೊದಲು ಹುಡುಕಿ. ಸಾಮಾನ್ಯ ಅಟ್ಲಾಸಿನಲ್ಲಿ ಬಣ್ಣ ಆಡಳಿತದ ವಿಭಾಗಗಳನ್ನು ಬೇರ್ಪಡಿಸುತ್ತದೆ. ಭೂವಿಜ್ಞಾನದ ನಕ್ಷೆಯಲ್ಲಿ ಒಂದೊಂದು ಬಣ್ಣವೂ ಒಂದೊಂದು ಬಗೆಯ ಕಲ್ಲು. ಈ ಎರಡನೆಯ ಬಗೆಗೆ ಮುಖ್ಯ ಆಕರ ಗಣಿ ಇಂಜಿನಿಯರ್ ರೋಖಿಯರ್ ವರ್ಬೇಕ್ ಅವರ ಕೆಲಸ. ಅವರು ಸಿಡಿತಕ್ಕೆ ಮುಂಚೆಯೇ ಆ ದ್ವೀಪವನ್ನು ನೋಡಿದ್ದವರು. 1883ರ ಅಕ್ಟೋಬರ್‌ನಲ್ಲಿ ಮತ್ತೆ ಅಲ್ಲಿಗೆ ಹೋಗಿ, ಸರ್ಕಾರಕ್ಕಾಗಿ ಸಿದ್ಧಪಡಿಸಿದ ದೊಡ್ಡ ವರದಿಯನ್ನು ಬಣ್ಣದ ಚಿತ್ರಗಳು ಮತ್ತು ನಕ್ಷೆಗಳ ಸಂಪುಟದೊಂದಿಗೆ 1884 ಮತ್ತು 1885ರಲ್ಲಿ ಹೊರತಂದರು. ಲಂಡನ್ನಿನ ರಾಯಲ್ ಸೊಸೈಟಿಯ ವರದಿ 1888ರಲ್ಲಿ ಬಂತು. ಅದರ ಜೊತೆಗಿನ ನಕ್ಷೆಗಳು ಜಲಸಂಧಿಗೆ ಸೀಮಿತವಾಗದೆ, ಸದ್ದು ಕೇಳಿಸಿದ ವ್ಯಾಪ್ತಿಯನ್ನೂ ವಾಯುಒತ್ತಡದ ಅಲೆ ಭೂಮಿ ಸುತ್ತಿದ ಬಗೆಯನ್ನೂ ತೋರಿಸುತ್ತವೆ. 1883ರ ಸೆಪ್ಟೆಂಬರ್‌ನಲ್ಲಿ ಮದರಾಸಿನ ಜನ ಹಸಿರು ಬಣ್ಣದ ಸೂರ್ಯನನ್ನು ಕಂಡದ್ದೂ ಅದೇ ವರದಿಯ ಸಾಮಗ್ರಿ.

ಸಿಡಿತದ ನಂತರದ ಕೆಲವು ನಕ್ಷೆಗಳಲ್ಲಿ ಹಳೆಯ ತೀರವನ್ನು ಒಂದು ಬಣ್ಣದ ಗೆರೆಯಲ್ಲೂ ಹೊಸ ತೀರವನ್ನು ಇನ್ನೊಂದರಲ್ಲೂ, ಅಲೆ ನುಗ್ಗಿದ ನೆಲವನ್ನು ದಡದುದ್ದಕ್ಕೂ ಒಂದು ಪಟ್ಟಿಯಾಗಿಯೂ ಅಚ್ಚು ಹಾಕಿರುತ್ತಾರೆ. ಅಂಥ ಹಾಳೆ ಕೈಗೆ ಬಂದರೆ ಕ್ರಕಟೋವಾವನ್ನಷ್ಟೇ ನೋಡಿ ಬಿಡಬೇಡಿ. ಆ ಪಟ್ಟಿಯೊಳಗೆ ಬೀಳುವ ಆನ್ಯೆರ್, ಮೆರಾಕ್, ತೆಲುಕ್ ಬೆತುಂಗ್ ಮುಂತಾದ ಊರುಗಳ ಹೆಸರುಗಳನ್ನು ಒಂದೊಂದಾಗಿ ಓದಿ, ಬರೆದುಕೊಳ್ಳಿ. ಸತ್ತವರಲ್ಲಿ ಬಹುಪಾಲು ಜನ ಬೆಂಕಿಗಿಂತ ನೀರಿಗೆ ಸಿಕ್ಕವರು, ಅವರು ಇದ್ದದ್ದು ಈ ಅಗಲವಿಲ್ಲದ ಬಣ್ಣದ ಪಟ್ಟಿಯಲ್ಲಿ.

ಏಳನೆಯ ಹಂತ: ಹೋಲಿಕೆ ಮತ್ತು ಖರೀದಿ

ಲೈಡನ್ ವಿಶ್ವವಿದ್ಯಾಲಯದ ಗ್ರಂಥಾಲಯ ಡಚ್ ಕಾಲದ ನಕ್ಷೆಗಳ ಬಹುದೊಡ್ಡ ಸಂಗ್ರಹವನ್ನು ಅಂತರಜಾಲದಲ್ಲಿ ತೆರೆದಿಟ್ಟಿದೆ. ಡೇವಿಡ್ ರಮ್ಸಿ ಸಂಗ್ರಹವೂ ಹಾಗೆಯೇ. ನಿಮ್ಮ ಹಾಳೆಯ ಶೀರ್ಷಿಕೆ, ಮೂಲೆಯ ಸಂಪುಟ ಸಂಖ್ಯೆ, ಚೌಕಟ್ಟಿನ ಒಳ ಅಳತೆ, ಅಂಚಿನ ಸಣ್ಣಕ್ಷರದ ಮುದ್ರಕರ ಹೆಸರು ಇವನ್ನು ಅಲ್ಲಿನ ಪ್ರತಿಯೊಡನೆ ಹೋಲಿಸಿ. ಅಳತೆ ಶೇಕಡ ಒಂದರಷ್ಟು ವ್ಯತ್ಯಾಸವಾದರೆ ಗಾಬರಿಯಾಗಬೇಡಿ, ಕಾಗದ ಹಿಗ್ಗುತ್ತದೆ, ಕುಗ್ಗುತ್ತದೆ.

ಅಂಚನ್ನು ಕತ್ತರಿಸಿ ನೀಟು ಮಾಡಿದ ಹೊಳೆಯುವ ಹಾಳೆಗಿಂತ, ಮಡಿಕೆಯೂ ಹೊಲಿಗೆಯ ತೂತೂ ಕಲೆಯೂ ಉಳಿದಿರುವ ಹಾಳೆಯನ್ನೇ ನಾನು ಆರಿಸುತ್ತೇನೆ, ಏಕೆಂದರೆ ಅದು ಯಾವ ಪುಸ್ತಕದಲ್ಲಿತ್ತೆಂಬ ಸುಳಿವು ಆ ಅಂಚಿನಲ್ಲೇ ಇರುತ್ತದೆ. ಇಡೀ ಪುಸ್ತಕ ಸಿಗುವಾಗ ಅದರಿಂದ ನಕ್ಷೆಯನ್ನು ಕಿತ್ತುಕೊಡುವವರಿಂದ ಕೊಳ್ಳಬೇಡಿ. ಭೂತಗನ್ನಡಿಯ ಮೂಲಕ ತೆಗೆದ ಹತ್ತಿರದ ಫೋಟೊ ಮತ್ತು ಹಿಂಬದಿಯ ಫೋಟೊ ಕೇಳಿದಾಗ ಕೊಡಲು ಹಿಂಜರಿಯುವವರಿಂದಲೂ ಬೇಡ.

ಎಂಟನೆಯ ಹಂತ: ಕಾಪಾಡುವುದು

ಮಂಗಳೂರು, ಉಡುಪಿ, ಕಾರವಾರದ ಮಳೆಗಾಲದಲ್ಲಿ ಕಾಗದಕ್ಕೆ ಮೊದಲ ಶತ್ರು ಬೂಷ್ಟು. ಗಾಳಿಯ ತೇವಾಂಶ ಶೇಕಡ 45ರಿಂದ 55ರೊಳಗೆ ಉಳಿಯುವುದು ಆದರ್ಶ. ಕರಾವಳಿಯಲ್ಲಿ ಅದು ಕಷ್ಟವಾದ್ದರಿಂದ, ಹೊರಗೋಡೆಗೆ ತಾಗದ, ಗಾಳಿಯಾಡುವ ಕಪಾಟಿನ ಮಧ್ಯದ ಅರೆಯಲ್ಲಿ ನಕ್ಷೆಯನ್ನು ಮಲಗಿಸಿಡಿ, ಮಳೆಗಾಲದಲ್ಲಿ ಆಗಾಗ ತೆರೆದು ನೋಡಿ. ಆಮ್ಲರಹಿತ ಕಾಗದದ ಹೊದಿಕೆ ಸಾಕು. ಸುರುಳಿ ಸುತ್ತಬೇಡಿ. ಬೇವಿನ ಸೊಪ್ಪನ್ನಾಗಲೀ ನುಸಿಗುಳಿಗೆಯನ್ನಾಗಲೀ ಕಾಗದಕ್ಕೆ ತಾಗುವಂತೆ ಇಡಬೇಡಿ, ಕಲೆಯಾಗುತ್ತದೆ.

ಲ್ಯಾಮಿನೇಷನ್, ಸೆಲ್ಲೋಟೇಪ್, ಫೆವಿಕಾಲ್ ಇವು ಮೂರೂ ನಿಷಿದ್ಧ. ಹರಿದದ್ದನ್ನು ಗೋಧಿ ಪಿಷ್ಟದ ಅಂಟು ಮತ್ತು ತೆಳುವಾದ ಜಪಾನಿ ಕಾಗದದಿಂದ, ತಿಳಿದವರ ಕೈಯಲ್ಲಿ, ಹಿಂಬದಿಯಿಂದ ಜೋಡಿಸಬೇಕು. ಒದ್ದೆ ಮಾಡಿ ತೊಳೆಯುವ ಆಲೋಚನೆ ಬಂದರೆ ಎರಡನೆಯ ಹಂತಕ್ಕೆ ಮರಳಿ: ಕುಂಚದ ಬಣ್ಣ ನೀರಿಗೆ ಕದಡಿ ಹೋಗುತ್ತದೆ, ಕಲ್ಲಚ್ಚಿನ ಎಣ್ಣೆಶಾಯಿ ಹೆಚ್ಚಾಗಿ ತಡೆದುಕೊಳ್ಳುತ್ತದೆ, ಆದರೆ ಕಲ್ಲಚ್ಚಿನ ಹಾಳೆಯ ಮೇಲೂ ಒಂದೆರಡು ಗಡಿಗೆರೆಗಳನ್ನು ಕೈಯಿಂದ ಹಾಕಿರುವುದುಂಟು. ಗೋಡೆಗೆ ಹಾಕಲೇಬೇಕಿದ್ದರೆ ಬಿಸಿಲು ಬೀಳದ ಕಡೆ, ನೇರಳಾತೀತ ಕಿರಣ ತಡೆಯುವ ಗಾಜು ಹಾಕಿಸಿ, ಗಾಜು ಕಾಗದಕ್ಕೆ ಅಂಟದಂತೆ ನಡುವೆ ಆಮ್ಲರಹಿತ ರಟ್ಟಿನ ಚೌಕಟ್ಟು ಇಡಿಸಿ, ಬೆಳಕನ್ನು 50 ಲಕ್ಸ್‌ಗೆ ಮಿತಿಗೊಳಿಸಿ. ಮೊದಲು ಮಾಸುವುದು ಹೆಚ್ಚಾಗಿ ಕೆಂಪು ಮತ್ತು ಗುಲಾಬಿ. ನನ್ನನ್ನು ಕೇಳಿದರೆ ಒಳ್ಳೆಯ ಸ್ಕ್ಯಾನ್ ಪ್ರತಿಯನ್ನು ಗೋಡೆಗೆ ಹಾಕಿ, ಮೂಲವನ್ನು ಕತ್ತಲಲ್ಲಿ ಮಲಗಿಸುವುದೇ ಸರಿ.

ಒಂಬತ್ತನೆಯ ಹಂತ: ದಾಖಲೆ ಮತ್ತು ಕಾನೂನು

ಭಾರತದ 1972ರ ಪುರಾತನ ವಸ್ತುಗಳು ಮತ್ತು ಕಲಾ ನಿಧಿಗಳ ಕಾಯ್ದೆಯಡಿ ನೂರು ವರ್ಷ ದಾಟಿದ ಕಲಾಕೃತಿಗಳೂ, ವೈಜ್ಞಾನಿಕ ಅಥವಾ ಐತಿಹಾಸಿಕ ಮೌಲ್ಯವಿರುವ 75 ವರ್ಷ ದಾಟಿದ ದಾಖಲೆಗಳೂ ಪುರಾತನ ವಸ್ತುಗಳ ವ್ಯಾಖ್ಯೆಗೆ ಒಳಪಡಬಹುದು. ಅಂಥವನ್ನು ಖಾಸಗಿ ವ್ಯಕ್ತಿಗಳು ದೇಶದಿಂದ ಹೊರಗೆ ಒಯ್ಯುವಂತಿಲ್ಲ. ವಿದೇಶದಲ್ಲಿರುವ ಮಕ್ಕಳಿಗೆ ಹಳೆಯ ನಕ್ಷೆ ಕಳುಹಿಸುವ ಮುನ್ನ ಭಾರತೀಯ ಪುರಾತತ್ವ ಸರ್ವೇಕ್ಷಣ ಇಲಾಖೆಯನ್ನು ವಿಚಾರಿಸಿ, ಅಗತ್ಯವಿದ್ದರೆ ಪ್ರಮಾಣಪತ್ರ ಪಡೆಯಿರಿ. ಹೊರದೇಶದಿಂದ ತರಿಸಿದ್ದಾದರೆ ಖರೀದಿಯ ರಸೀದಿ ಮತ್ತು ಕಸ್ಟಮ್ಸ್ ಕಾಗದಗಳನ್ನು ನಕ್ಷೆ ಇರುವವರೆಗೂ ಜೋಪಾನ ಮಾಡಿ.

ಕೊನೆಗೆ ಒಂದು ಆಮ್ಲರಹಿತ ಹಾಳೆಯಲ್ಲಿ, ಪೆನ್ಸಿಲಿನಿಂದ, ಇಷ್ಟನ್ನು ಬರೆದು ನಕ್ಷೆಯ ಹೊದಿಕೆಯೊಳಗಿಡಿ: ಶೀರ್ಷಿಕೆ, ಮುದ್ರಕರು, ಅಳತೆ, ಮುದ್ರಣದ ಬಗೆ, ಕಲ್ಲುಗಳ ಸಂಖ್ಯೆಯ ಅಂದಾಜು, ರೇಖಾಂಶದ ಮೂಲ, ಪೋಲ್ಸೆ ಹೂಟ್, ಸ್ಟೇರ್ಸ್, ಕಾಲ್ಮೈಯರ್, ಅನಾಕ್ ಕ್ರಕಟೋವಾ ಇವು ಒಂದೊಂದೂ ಇವೆಯೋ ಇಲ್ಲವೋ, ರೈಲುಹಳಿ ಎಲ್ಲಿಯವರೆಗೆ, ಯಾರಿಂದ ಬಂತು. ಕಾಲವನ್ನು ಒಂದೇ ವರ್ಷವಾಗಿ ಬರೆಯದೆ, ಯಾವ ಗುರುತಿನ ಆಧಾರದ ಮೇಲೆ ಯಾವ ವರ್ಷಕ್ಕಿಂತ ಮುಂಚಿನದಲ್ಲ ಎಂದು ಬರೆಯಿರಿ. ಹಾಗೆ ಬರೆದಿಟ್ಟರೆ, ಮುಂದೆ ಇನ್ನೊಂದು ಪ್ರತಿ ಸಿಕ್ಕಾಗ ನಿಮ್ಮ ತೀರ್ಮಾನವನ್ನು ಬೇರೊಬ್ಬರು ಪರಿಶೀಲಿಸಿ ತಿದ್ದಲು ಸಾಧ್ಯವಾಗುತ್ತದೆ.